ಹಾಲು ಕದಿಯುವ ಹಸು: ಮಂಡ್ಯ ಸೀಮೆಯ ಒಂದು ಪ್ರಕರಣ ಅಧ್ಯಯನ

ಹಿನ್ನೆಲೆ

ಮಂಡ್ಯ ತಾಲ್ಲೂಕಿನಲ್ಲಿ, ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಒಂದು ಹಳ್ಳಿಯ ಮನೆ. ಒಂದಿಷ್ಟು ಕಬ್ಬು, ಒಂದಿಷ್ಟು ಭತ್ತ, ಕೊಟ್ಟಿಗೆಯಲ್ಲಿ ಎರಡು ಹಸು. ಕಬ್ಬಿನ ಹಣ ಯಾವಾಗ ಕೈಸೇರುತ್ತದೆಂದು ಹೇಳಲಾಗದು. ಡೇರಿಯ ಬಟವಾಡೆ ಮಾತ್ರ ತಪ್ಪುವುದಿಲ್ಲ. ದಿನಸಿ, ಮಕ್ಕಳ ಶಾಲೆಯ ಖರ್ಚು ಎಲ್ಲವೂ ಆ ಹಾಲಿನ ಮೇಲೆಯೇ ನಿಂತಿದ್ದವು. ಮನೆಯಲ್ಲಿ ಯಜಮಾನರು, ಅವರ ತಾಯಿ, ಮಗ, ಸೊಸೆ. ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಹಸುವನ್ನು ಇಲ್ಲಿ ಕೆಂದಿ ಎಂದು ಕರೆಯುತ್ತೇನೆ. ಅದು ಜರ್ಸಿ ಮಿಶ್ರತಳಿ, ಎರಡನೆಯ ಸೂಲು.

ಮಿಶ್ರತಳಿ ಹಸುಗಳಿಗೆ ಕರುವಿನ ಹಂಗು ಅಷ್ಟಾಗಿ ಬೇಕಿಲ್ಲ. ಮೊದಲ ದಿನದಿಂದಲೇ ಕರುವನ್ನು ಬೇರೆ ಕಟ್ಟಿದರೆ ಕೈ ತಾಗಿದ್ದಕ್ಕೇ ಸೊರೆ ಬಿಡುತ್ತವೆ, ಅಂದರೆ ಕೆಚ್ಚಲಿನಿಂದ ಹಾಲಿಳಿಸುತ್ತವೆ. ಆದರೆ ಯಜಮಾನರು ಹಳ್ಳಿಕಾರ್ ದನಗಳ ಜೊತೆ ಬೆಳೆದವರು. ನಾಟಿ ಹಸು ಕರು ಎದುರಿಗಿಲ್ಲದೆ ಹಾಲು ಕೊಡುವುದು ಅಪರೂಪ. ಆ ರೂಢಿಯನ್ನೇ ಅವರು ಕೆಂದಿಗೂ ತಂದಿದ್ದರು: ಮೊದಲು ಕರು ಬಿಡುವುದು, ತೊಟ್ಟುಗಳು ತುಂಬಿ ಬಂದ ಕೂಡಲೇ ಕರುವನ್ನು ಎಳೆದು ಮುಂದೆ ಕಟ್ಟುವುದು, ಆಮೇಲೆ ಕರೆಯುವುದು. ಮೊದಲ ಸೂಲು ಹೀಗೆಯೇ ಚೆನ್ನಾಗಿ ಕಳೆಯಿತು. ಎರಡನೆಯ ಸೂಲಿನಲ್ಲಿ ಕರು ಎಳೆಯದಾಗಿರುವಾಗಲೇ ಭೇದಿ ಹತ್ತಿ ಸತ್ತುಹೋಯಿತು.

ಸಮಸ್ಯೆ

ಕರು ಸತ್ತ ಮರುದಿನದಿಂದ ಕೆಂದಿ ಒಂದು, ಒಂದೂವರೆ ಲೀಟರ್ ಕೊಟ್ಟು ನಿಲ್ಲಿಸಿಬಿಡುತ್ತಿತ್ತು. ಕೆಚ್ಚಲು ಕಲ್ಲಿನಂತೆ ಬಿಗಿದೇ ಇರುತ್ತಿತ್ತು. ಹಸು ಹಾಲು ಕದಿಯುತ್ತಿದೆ ಎಂದು ಮನೆಯವರು ತೀರ್ಮಾನಿಸಿದರು. ಹಳ್ಳಿಗಳಲ್ಲಿ ಈ ಮಾತು ಎಷ್ಟು ಸಾಮಾನ್ಯವೆಂದರೆ, ಅದರ ಹಿಂದೆ ಹಸುವಿನ ಮೇಲೊಂದು ಆರೋಪವಿದೆ ಎಂಬುದೇ ಯಾರಿಗೂ ಕಾಣುವುದಿಲ್ಲ.

ಕೆಚ್ಚಲಿನಲ್ಲಿ ನಡೆಯುವುದು ಇಷ್ಟು. ಅಲ್ಲಿರುವ ಹಾಲಿನಲ್ಲಿ ಸುಮಾರು ಐದನೆಯ ಒಂದು ಪಾಲು ಮಾತ್ರ ತೊಟ್ಟಿನ ಮೇಲಿನ ಪೊಳ್ಳಿನಲ್ಲಿ ನಿಂತಿರುತ್ತದೆ. ಅದು ಹಿಂಡಿದರೆ ಬರುತ್ತದೆ. ಉಳಿದ ನಾಲ್ಕು ಪಾಲು ಸೂಕ್ಷ್ಮ ಗೂಡುಗಳಲ್ಲಿ ಸಿಕ್ಕಿಕೊಂಡಿರುತ್ತದೆ. ಯಾರು ಎಷ್ಟು ಹಿಂಡಿದರೂ ಇಳಿಯುವುದಿಲ್ಲ. ತೊಟ್ಟಿಗೆ ಸ್ಪರ್ಶವಾದಾಗ ಸುದ್ದಿ ಬೆನ್ನುಹುರಿಯ ಮೂಲಕ ಮೆದುಳಿನ ಹೈಪೊಥಲಾಮಸ್‌ಗೆ ಮುಟ್ಟಬೇಕು, ಪಿಟ್ಯೂಟರಿ ಗ್ರಂಥಿಯ ಹಿಂಭಾಗದಿಂದ ಆಕ್ಸಿಟೋಸಿನ್ ಎಂಬ ಹಾರ್ಮೋನು ರಕ್ತಕ್ಕೆ ಇಳಿಯಬೇಕು, ಅದು ಕೆಚ್ಚಲನ್ನು ತಲುಪಿ ಗೂಡುಗಳ ಸುತ್ತಲಿನ ಜೀವಕೋಶಗಳನ್ನು ಬಿಗಿಸಬೇಕು. ಆಗಲೇ ಸೊರೆ. ಒಂದು ನಿಮಿಷದ ಆಸುಪಾಸಿನಲ್ಲಿ ಮುಗಿಯುವ ಈ ಪ್ರಯಾಣದಲ್ಲಿ ಹಸುವಿನ ಇಚ್ಛೆಗೆ ಯಾವ ಪಾತ್ರವೂ ಇಲ್ಲ.

ಅಜ್ಜಿಗೆ ಹಳೆಯ ಉಪಾಯವೊಂದು ನೆನಪಿತ್ತು: ಸತ್ತ ಕರುವಿನ ಚರ್ಮಕ್ಕೆ ಹುಲ್ಲು ತುಂಬಿ ಹಸುವಿನ ಮುಂದೆ ನಿಲ್ಲಿಸುವುದು. ಆ ವೇಳೆಗೆ ಕರುವನ್ನು ಹೂಳಿ ಆಗಿತ್ತು. ಯಜಮಾನರು ದೊಡ್ಡ ಬಾನಿಯಲ್ಲಿ ಅಕ್ಕಿ ಗಂಜಿ, ಬೆಲ್ಲ ಇಟ್ಟರು. ಅಷ್ಟೂ ಕುಡಿದ ಹಸುವಿಗೆ ಹೊಟ್ಟೆ ಹುಳಿಯಾಗಿ ಎರಡು ದಿನ ಮೇವು ಬಿಟ್ಟಿತು. ಅಂದಿನಿಂದ ಗಂಜಿಯ ವಾಸನೆ ಬಂದರೇ ಮುಖ ತಿರುಗಿಸುತ್ತಿತ್ತು. ಕೊನೆಗೆ ಮಗ ಯಾರೋ ಹೇಳಿದರೆಂದು ಆಕ್ಸಿಟೋಸಿನ್ ಇಂಜೆಕ್ಷನ್ ತಂದ. ಚುಚ್ಚಿದ ಸ್ವಲ್ಪ ಹೊತ್ತಿಗೆ ಹಾಲು ಧಾರೆಯಾಗಿ ಇಳಿಯಿತು. ಮನೆಯವರಿಗೆ ಹೋದ ಜೀವ ಬಂದಂತಾಯಿತು.

ಪಶುವೈದ್ಯೆಯಾದ ನನ್ನನ್ನು ಕರೆಸುವ ಹೊತ್ತಿಗೆ ಇಂಜೆಕ್ಷನ್ ದಿನಕ್ಕೆ ಎರಡು ಹೊತ್ತಿನ ಕೆಲಸವಾಗಿತ್ತು, ಪ್ರಮಾಣ ಏರಿತ್ತು, ಹಾಲು ಮಾತ್ರ ಕಡಿಮೆಯಾಗುತ್ತಲೇ ಇತ್ತು. ಹಸು ಒದೆಯುತ್ತಿತ್ತು. ಅದಕ್ಕೆ ಹಿಂಗಾಲು ಕಟ್ಟುತ್ತಿದ್ದರು. ಕೆಚ್ಚಲು ಬಾವು ಇರಬಹುದೆಂಬುದು ಅವರ ಅನುಮಾನ.

ಪರೀಕ್ಷೆ

ಬಾವು ಇರಲಿಲ್ಲ. ನಾಲ್ಕೂ ತೊಟ್ಟುಗಳ ಹಾಲು ಶುದ್ಧವಾಗಿತ್ತು, ಗಾಯವಿರಲಿಲ್ಲ, ಜ್ವರವಿರಲಿಲ್ಲ. ಇಂಜೆಕ್ಷನ್ ಕೊಟ್ಟರೆ ಹಾಲು ಬರುತ್ತದೆ, ಕೊಡದಿದ್ದರೆ ಇಲ್ಲ ಎಂಬ ಮಾತೇ ದೊಡ್ಡ ಸುಳಿವು. ಹಾಲು ತಯಾರಾಗುತ್ತಿದೆ, ಕೆಚ್ಚಲಿನ ದಾರಿ ತೆರೆದಿದೆ, ತಡೆ ಇರುವುದು ಮೇಲೆ, ತಲೆಯಲ್ಲಿ. ಇಷ್ಟು ಗೊತ್ತಾದ ಮೇಲೆ ಔಷಧಿ ಬರೆಯುವುದಕ್ಕಿಂತ ಸಂಜೆಯ ಹಾಲು ಕರೆಯುವವರೆಗೆ ಅಲ್ಲಿಯೇ ಕುಳಿತು ನೋಡುವುದು ಮುಖ್ಯ ಎನಿಸಿತು.

ಸಂಜೆ ನಡೆದದ್ದು ಹೀಗೆ. ಸೊಸೆ ಕೊಟ್ಟಿಗೆಯ ದೀಪ ಹಾಕಿದಳು. ಮಗ ಬಂದ. ಹಗ್ಗ ತೆಗೆದು ಹಿಂಗಾಲು ಕಟ್ಟಿದ. ಸಿರಿಂಜ್ ತುಂಬಿ ಚುಚ್ಚಿದ. ಪಾತ್ರೆ ಇಟ್ಟು ಕುಳಿತ. ಹಗ್ಗ ಕೈಗೆ ಬಂದ ಕ್ಷಣಕ್ಕೇ ಕೆಂದಿ ಮೆಲುಕು ನಿಲ್ಲಿಸಿತು, ಬಾಲವನ್ನು ಒಳಗೆ ಸೆಳೆದುಕೊಂಡಿತು, ತೆಳ್ಳಗೆ ಸಗಣಿ ಹಾಕಿತು, ಕಣ್ಣಿನ ಬಿಳಿ ಕಾಣಿಸಿತು. ಸೂಜಿ ಇನ್ನೂ ಪೊಟ್ಟಣದಿಂದ ಹೊರಗೆ ಬಂದಿರಲಿಲ್ಲ.

ಮರುದಿನ ಹಾಲಿನ ಹೊತ್ತಲ್ಲದ ಹೊತ್ತಿನಲ್ಲಿ ಒಂದೊಂದೇ ಸುಳಿವನ್ನು ಬೇರೆಬೇರೆಯಾಗಿ ತೋರಿಸಿದೆವು. ದೀಪ ಹಾಕಿದರೆ ಏನೂ ಇಲ್ಲ. ಪಾತ್ರೆಯ ಸದ್ದಿಗೆ ಕಿವಿ ತಿರುಗಿತು, ಅಷ್ಟೇ. ಮಗ ಬರಿಗೈಯಲ್ಲಿ ಬಂದಾಗ ಸ್ವಲ್ಪ ಬಿಗಿಯಾಯಿತು. ಹಗ್ಗ ಹಿಡಿದು ಅಜ್ಜಿಯೇ ಬಂದರೂ ಪೂರ್ತಿ ಹೆದರಿಕೆ. ದೀಪವೂ ಪ್ರತಿ ಸಂಜೆ ಸೂಜಿಗೆ ಮುಂಚೆಯೇ ಬರುತ್ತಿತ್ತಲ್ಲ, ಅದಕ್ಕೇಕೆ ಹೆದರಲಿಲ್ಲ?

ಇವಾನ್ ಪಾವ್ಲೋವ್ ಅವರ ನಾಯಿಗಳ ಕಥೆ ಎಲ್ಲರಿಗೂ ಗೊತ್ತು. ಜೀರ್ಣಕ್ರಿಯೆಯ ಸಂಶೋಧನೆಗೆ 1904ರಲ್ಲಿ ನೊಬೆಲ್ ಪಡೆದ ಅವರು, ಆಹಾರಕ್ಕೆ ಮುಂಚೆ ಬರುವ ಮೆಟ್ರೊನೋಮ್‌ನ ಟಿಕ್ ಟಿಕ್ ಸದ್ದಿಗೇ ನಾಯಿಯ ಬಾಯಲ್ಲಿ ನೀರೂರುವುದನ್ನು ತೋರಿಸಿದರು. ಇದೇ ಶಾಸ್ತ್ರೀಯ ಅನುಬಂಧನ. ಎರಡು ಸಂಗತಿ ಪದೇ ಪದೇ ಒಟ್ಟಿಗೆ ಬಂದರೆ ಸಾಕು, ಅವು ಗಂಟುಬೀಳುತ್ತವೆ ಎಂದೇ ಬಹುಕಾಲ ನಂಬಿದ್ದರು. 1968ರಲ್ಲಿ ರಾಬರ್ಟ್ ರೆಸ್ಕೋರ್ಲಾ ಇಲಿಗಳ ಮೇಲೆ ಮಾಡಿದ ಪ್ರಯೋಗ ಆ ನಂಬಿಕೆಯನ್ನು ತಿದ್ದಿತು. ಶಬ್ದದ ಜೊತೆಗೆ ಎಷ್ಟು ಬಾರಿ ವಿದ್ಯುತ್ ಆಘಾತ ಬಂದಿದೆ ಎಂಬುದಷ್ಟೇ ಲೆಕ್ಕವಲ್ಲ. ಶಬ್ದವಿಲ್ಲದಾಗಲೂ ಆಘಾತ ಅಷ್ಟೇ ಬರುತ್ತಿದ್ದರೆ ಇಲಿ ಶಬ್ದಕ್ಕೆ ಹೆದರುವುದಿಲ್ಲ. ಮುಂದೆ ಬರುವುದನ್ನು ಯಾವ ಸುಳಿವು ನಿಜವಾಗಿ ತಿಳಿಸುತ್ತದೆ ಎಂಬುದನ್ನೇ ಪ್ರಾಣಿ ಕಲಿಯುತ್ತದೆ. ಕೊಟ್ಟಿಗೆಯ ದೀಪ ಮೇವು ಹಾಕಲು, ಸಗಣಿ ಬಾಚಲು, ಪಕ್ಕದ ಹಸುವನ್ನು ಕರೆಯಲು, ಎಲ್ಲಕ್ಕೂ ಉರಿಯುತ್ತಿತ್ತು. ಹಗ್ಗ ಮಾತ್ರ ಸೂಜಿಯ ಮುಂದಲ್ಲದೆ ಇನ್ನೆಂದೂ ಬಂದಿರಲಿಲ್ಲ. ಈ ಪರೀಕ್ಷೆ ಮಾಡದೆ ದೀಪ ಬದಲಿಸಿ, ಪಾತ್ರೆ ಬದಲಿಸಿ ಹಗ್ಗವನ್ನು ಉಳಿಸಿಕೊಂಡಿದ್ದರೆ ಮುಂದಿನ ಶ್ರಮವೆಲ್ಲ ವ್ಯರ್ಥವಾಗುತ್ತಿತ್ತು.

ಮನೆಯವರನ್ನು ಒಪ್ಪಿಸಿದ್ದು

ಮಗನಿಗೆ ಇದು ಹಿಡಿಸಲಿಲ್ಲ. “ಇದು ನನ್ನ ಮೇಲೆ ಹಟ ಸಾಧಿಸುತ್ತಿದೆ ಮೇಡಂ. ಬೇಕೆಂದೇ ಹಾಲು ಏರಿಸಿಕೊಳ್ಳುತ್ತದೆ. ನೀವು ಹೇಳುವಷ್ಟು ಲೆಕ್ಕ ಹಾಕಲು ದನಕ್ಕೆ ಬುದ್ಧಿ ಎಲ್ಲಿದೆ?”

ಬುದ್ಧಿಯೇ ಬೇಕಿಲ್ಲ ಎಂದೆ. ಸುಮಾರು 20,000 ನರಕೋಶಗಳಷ್ಟೇ ಇರುವ ಅಪ್ಲೀಸಿಯಾ ಎಂಬ ಕಡಲ ಬಸವನಹುಳು ಕೂಡ, ಮೃದುವಾದ ಸ್ಪರ್ಶದ ಹಿಂದೆಯೇ ಆಘಾತ ಬರುತ್ತಿದ್ದರೆ, ಸ್ಪರ್ಶಕ್ಕೇ ಕಿವಿರುಗಳನ್ನು ಒಳಗೆ ಎಳೆದುಕೊಳ್ಳಲು ಕಲಿಯುತ್ತದೆ. ಆ ಜೀವಿಯಲ್ಲಿ ಕಲಿಕೆಯ ಜಾಡು ಹಿಡಿದದ್ದಕ್ಕೆ ಎರಿಕ್ ಕಾಂಡೆಲ್ ಅವರಿಗೆ 2000ದಲ್ಲಿ ನೊಬೆಲ್ ಪಾಲು ಸಿಕ್ಕಿತು. ಮಗ ಸುಮ್ಮನೆ ಕೇಳಿಸಿಕೊಂಡ, ಒಪ್ಪಲಿಲ್ಲ. ಆಗ ಒಳಗಿನಿಂದ ಅಜ್ಜಿ ಮಾತಾಡಿದರು.

“ಡಾಕ್ಟರಮ್ಮ, ಇವನ ಅಪ್ಪ ಕೂಸಾಗಿದ್ದಾಗ ನಾನು ಗದ್ದೆಯಲ್ಲಿ ನಾಟಿ ಹಾಕುತ್ತಿದ್ದೆ. ದೂರದಲ್ಲಿ ಯಾರದೋ ಮಗು ಅತ್ತರೂ ನನ್ನ ರವಿಕೆ ಒದ್ದೆಯಾಗುತ್ತಿತ್ತು. ನಾನು ಬೇಕೆಂದು ಮಾಡಿದೆನೇನವ್ವ? ನಮ್ಮ ಅತ್ತೆ ಬೈಯುತ್ತಾ ಎದುರಿಗೆ ನಿಂತರೆ ಮಗು ಎಷ್ಟು ಚೀಪಿದರೂ ಹಾಲಿಳಿಯುತ್ತಿರಲಿಲ್ಲ.”

ಈ ಪ್ರಕರಣ ತಿರುವು ಪಡೆದದ್ದು ಇಲ್ಲಿ. ನಾನು ಇಡೀ ಮಧ್ಯಾಹ್ನ ಹೇಳಿದ್ದಕ್ಕಿಂತ ಹೆಚ್ಚನ್ನು ಅಜ್ಜಿ ಎರಡು ಮಾತಿನಲ್ಲಿ ಹೇಳಿದ್ದರು, ಮತ್ತು ಅವರು ಹೇಳಿದ್ದು ಅಕ್ಷರಶಃ ನಿಜ. ಹಾಲೂಡಿಸುವ ತಾಯಂದಿರಲ್ಲಿ ಮಗು ಎದೆಗೆ ಬಾಯಿ ಹಾಕುವ ಮೊದಲೇ, ಅದರ ಅಳು ಕೇಳಿದಾಗಲೇ ಆಕ್ಸಿಟೋಸಿನ್ ಏರುವುದನ್ನು ರಕ್ತ ಪರೀಕ್ಷೆಯಲ್ಲಿ ಕಂಡಿದ್ದಾರೆ. 1948ರಲ್ಲಿ ಅಮೆರಿಕದ ನ್ಯೂಟನ್ ದಂಪತಿ ಇನ್ನೊಂದು ಬದಿಯನ್ನು ತೋರಿಸಿದರು: ಹಾಲೂಡಿಸುತ್ತಿರುವ ತಾಯಿಯ ಕಾಲನ್ನು ಮಂಜಿನ ನೀರಿನಲ್ಲಿ ಇರಿಸಿದರೆ, ನೋವು ಕೊಟ್ಟರೆ, ಗಣಿತದ ಪ್ರಶ್ನೆ ಕೇಳಿ ಕಾಡಿದರೆ ಮಗುವಿಗೆ ಸಿಗುವ ಹಾಲು ಕಡಿಮೆಯಾಯಿತು, ಆಕ್ಸಿಟೋಸಿನ್ ಚುಚ್ಚಿದಾಗ ಮತ್ತೆ ಹೆಚ್ಚಾಯಿತು. ಹಸುವಿನಲ್ಲಿ ಇದನ್ನು 1941ರಲ್ಲಿಯೇ ಈಲಿ ಮತ್ತು ಪೀಟರ್ಸನ್ ಎಂಬ ವಿಜ್ಞಾನಿಗಳು ನೋಡಿದ್ದರು. ಅವರು ಹಸುವಿನ ಬೆನ್ನ ಮೇಲೆ ಬೆಕ್ಕು ಕೂರಿಸಿ, ಕಾಗದದ ಚೀಲ ಒಡೆದು ಬೆಚ್ಚಿಬೀಳಿಸಿದಾಗ ಹಾಲು ನಿಂತಿತು. ಇದು ಅಡ್ರಿನಲಿನ್ನಿನ ಕೆಲಸವೆಂದು ಅವರು ವಿವರಿಸಿದರು. ಹೆದರಿದ ಅಥವಾ ಅಪರಿಚಿತ ಜಾಗದಲ್ಲಿರುವ ಹಸುವಿನ ಮೆದುಳಿನಿಂದ ಆಕ್ಸಿಟೋಸಿನ್ ಬಿಡುಗಡೆಯೇ ಆಗದಿರುವುದುಂಟು ಎಂದು ಮುಂದಿನ ಅಧ್ಯಯನಗಳು ತೋರಿಸಿದವು.

ಅಂದರೆ ಈ ಮನೆಯವರು ದಿನಕ್ಕೆರಡು ಬಾರಿ ಹೊರಗಿನಿಂದ ಆಕ್ಸಿಟೋಸಿನ್ ಕೊಡುತ್ತಾ, ಅದೇ ಕೈಯಿಂದ ಹಸುವಿನ ಸ್ವಂತ ಆಕ್ಸಿಟೋಸಿನ್ನಿಗೆ ಬೀಗ ಹಾಕುತ್ತಿದ್ದರು. ದಿನವೂ ಚುಚ್ಚಿದರೆ ಕೆಚ್ಚಲು ಕೂಡ ಆ ಹಾರ್ಮೋನಿಗೆ ಜಡವಾಗುತ್ತದೆ. ಪ್ರಮಾಣ ಏರಿಸಬೇಕಾಗಿ ಬಂದದ್ದು ಅದರಿಂದ. ಹಾಲು ಹೆಚ್ಚಿಸಲು ಹಸುವಿನ ಆರೋಗ್ಯಕ್ಕೆ ಕೆಡುಕಾಗುವಂತೆ ಇಂಜೆಕ್ಷನ್ ಕೊಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಅಪರಾಧ. ಇದನ್ನೂ ಹೇಳಿದೆ. ಆದರೆ ಮಗ ಸಿರಿಂಜ್ ಕೆಳಗಿಟ್ಟದ್ದು ಕಾಯ್ದೆಗೆ ಹೆದರಿ ಅಲ್ಲ, ಅಜ್ಜಿಯ ಮಾತಿಗೆ.

ಮಾಡಿದ ಪ್ರಯತ್ನ

ಇಂಜೆಕ್ಷನ್ ಪೂರ್ತಿ ನಿಲ್ಲಿಸುವುದು, ಕೆಲವು ವಾರ ಕಡಿಮೆ ಹಾಲನ್ನು ಸಹಿಸಿಕೊಳ್ಳುವುದು, ಅಷ್ಟು ದಿನ ಪಕ್ಕದ ಹಸುವಿನ ಹಾಲಿನಲ್ಲಿಯೇ ಮನೆ ನಡೆಸುವುದು ಎಂದು ತೀರ್ಮಾನವಾಯಿತು. ಹೇಳುವುದು ಸುಲಭ. ಬಟವಾಡೆ ಅರ್ಧವಾದರೆ ಏನಾಗುತ್ತದೆಂದು ಬಲ್ಲ ಮನೆಯವರು ಅದಕ್ಕೆ ಒಪ್ಪಿದ್ದು ಸಣ್ಣ ಮಾತಲ್ಲ. ಹಾಲು ಉಳಿದು ಬಾವಾಗದಂತೆ ದಿನವೂ ಕೆಚ್ಚಲು ಪರೀಕ್ಷಿಸುವುದನ್ನು ಸೊಸೆಗೆ ಕಲಿಸಿಕೊಟ್ಟೆ.

ಹಾಲು ಕರೆಯುವ ಜಾಗ ಬದಲಾಗಬೇಕಿತ್ತು. ಕೊಟ್ಟಿಗೆಯ ಆ ಮೂಲೆಯೇ ಸೂಜಿಯ ಸುಳಿವಾಗಿತ್ತು. ಹಿತ್ತಿಲ ಹೊಂಗೆ ಮರದ ಕೆಳಗೆ ಕಟ್ಟಿ ಕರೆಯಲು ಹೋದರು; ಮೊದಲು ಸಿಗುತ್ತಿದ್ದಷ್ಟೂ ಸಿಗಲಿಲ್ಲ. ಯಜಮಾನರು ಮತ್ತೆ ಸಿರಿಂಜ್ ಕಡೆಗೆ ನೋಡಿದರು. ಹೊಸ ಜಾಗವೇ ಒಂದು ತಡೆ ಎಂಬುದು ಇಲ್ಲಿ ಅಡ್ಡ ಬಂದಿತ್ತು: ಹಳೆಯ ಜಾಗದಲ್ಲಿ ಭಯ, ಹೊಸ ಜಾಗದಲ್ಲಿ ಬೆರಗು. ಹೀಗಾಗಿ ಮರದ ಕೆಳಗೆ ಕರೆಯುವುದನ್ನೇ ಬಿಟ್ಟೆವು. ಹಗಲೆಲ್ಲ ಅಲ್ಲಿ ಸುಮ್ಮನೆ ಕಟ್ಟುವುದು, ದಿನದ ಅತ್ಯಂತ ರುಚಿಯಾದ ಮೇವನ್ನು ಅಲ್ಲಿಯೇ ಕೊಡುವುದು, ಕೆಚ್ಚಲಿಗೆ ಕೈ ಹಾಕದಿರುವುದು. ಹಾಲನ್ನು ಸದ್ಯಕ್ಕೆ ಕೊಟ್ಟಿಗೆಯಲ್ಲಿಯೇ, ಹಗ್ಗವಿಲ್ಲದೆ, ಬಂದಷ್ಟು ತೆಗೆಯುವುದು. ಮರದ ಕೆಳಗೆ ಮಲಗಿ ಮೆಲುಕು ಹಾಕಲು ತೊಡಗಿದ ಮೇಲೆಯೇ ಕೆಂದಿಯನ್ನು ಅಲ್ಲಿ ಕರೆಯಲು ಶುರುಮಾಡಿದ್ದು.

ರುಚಿಯಾದ ಮೇವು ಯಾವುದು ಎಂಬುದೂ ಯೋಚಿಸಬೇಕಾದ ಸಂಗತಿಯಾಗಿತ್ತು. ಯಜಮಾನರು ಗಂಜಿ ಎಂದರು. ಅದನ್ನು ಖಡಾಖಂಡಿತವಾಗಿ ಬೇಡವೆಂದೆ. ಒಂದೇ ಬಾರಿ ಹೊಟ್ಟೆ ಕೆಟ್ಟರೂ, ಅದೂ ತಿಂದು ಗಂಟೆಗಳ ಮೇಲೆ ಕೆಟ್ಟರೂ, ಆ ರುಚಿಯನ್ನು ಪ್ರಾಣಿ ದೂರವಿಡುತ್ತದೆ ಎಂಬುದನ್ನು ಜಾನ್ ಗಾರ್ಸಿಯಾ ಮತ್ತು ಸಂಗಡಿಗರು 1966ರ ಸುಮಾರಿಗೆ ಇಲಿಗಳಲ್ಲಿ ತೋರಿಸಿದ್ದರು. ರುಚಿ ಹೊಟ್ಟೆಯ ಸಂಕಟಕ್ಕೆ ಬೇಗ ಅಂಟಿಕೊಳ್ಳುತ್ತದೆ, ಶಬ್ದ ಬೆಳಕುಗಳು ಚರ್ಮದ ನೋವಿಗೆ. ಕಿಮೋಥೆರಪಿ ಪಡೆದವರಲ್ಲಿ ಕೆಲವರಿಗೆ ಅದಕ್ಕೆ ಮುಂಚೆ ತಿಂದ ತಿಂಡಿ ಎಷ್ಟೋ ಕಾಲ ಸೇರದಿರುವುದು ಇದರಿಂದಲೇ. ಕೆಂದಿಗೆ ಬೂಸಾ, ಕಡಲೆಕಾಯಿ ಹಿಂಡಿ, ಹಸಿ ಜೋಳದ ಕಡ್ಡಿ ಇಟ್ಟೆವು.

ಹಾಲು ಕರೆಯುವ ಕೆಲಸ ಸೊಸೆಯ ಪಾಲಿಗೆ ಬಂತು. ಸೂಜಿಯ ಹೊತ್ತಿನಲ್ಲಿ ಆಕೆ ಒಮ್ಮೆಯೂ ಹಸುವಿನ ಹತ್ತಿರ ನಿಂತಿರಲಿಲ್ಲ, ಅವಳ ದನಿಗೆ ಕೆಟ್ಟ ಇತಿಹಾಸವಿರಲಿಲ್ಲ. ಕ್ರಮವನ್ನು ಒಂದಿಷ್ಟೂ ಬದಲಿಸಬಾರದೆಂದು ಹೇಳಿದೆ: ಮೊದಲು ಹಸುವನ್ನು ಹೆಸರು ಹಿಡಿದು ಕರೆಯುವುದು, ಹಿಂಡಿ ಇಡುವುದು, ಬೆಚ್ಚನೆಯ ನೀರಿನಿಂದ ಕೆಚ್ಚಲು ತೊಳೆದು ತೊಟ್ಟುಗಳನ್ನು ಒಂದು ನಿಮಿಷ ನೀವುವುದು, ಕೂಡಲೇ ಕರೆಯುವುದು. ಆಕ್ಸಿಟೋಸಿನ್ ರಕ್ತದಲ್ಲಿ ಉಳಿಯುವುದು ಕೆಲವೇ ನಿಮಿಷ. ತೊಳೆದಿಟ್ಟು ಪಾತ್ರೆ ಹುಡುಕಲು ಹೋದರೆ ಸೊರೆ ಬಂದು ಹೋಗಿರುತ್ತದೆ. ತಿನ್ನುತ್ತಿರುವಾಗಲೇ ಕರೆದರೆ ಆ ಹಾರ್ಮೋನು ಇನ್ನಷ್ಟು ಬಿಡುಗಡೆಯಾಗುತ್ತದೆ ಎಂಬುದೂ ಅಳೆದು ಕಂಡ ಸಂಗತಿ. ದನಿ ಮುಂಚೆ, ಸ್ಪರ್ಶ ಆಮೇಲೆ. ಸುಳಿವು ಹಿಂದೆ ಬಿದ್ದರೆ ಅನುಬಂಧನ ಕಟ್ಟುವುದಿಲ್ಲ.

ಆದದ್ದು

ಮೊದಲ ದಿನಗಳು ನಿರಾಸೆಯವು. ಮೂರನೆಯ ವಾರದ ಹೊತ್ತಿಗೆ ಒಂದು ಬೆಳಿಗ್ಗೆ, ನೀವುತ್ತಿರುವಾಗ ಕೆಚ್ಚಲು ಬಿಗಿದು ತೊಟ್ಟುಗಳು ನೆಟ್ಟಗಾದವು ಎಂದು ಸೊಸೆ ಫೋನ್ ಮಾಡಿದಳು. ಅಂದು ಇಂಜೆಕ್ಷನ್ ಇಲ್ಲದೆ ನಾಲ್ಕು ಲೀಟರ್ ದಾಟಿತ್ತು. ಅಲ್ಲಿಂದ ಏರುತ್ತಾ ಹೋಯಿತು. ಇನ್ನೂ ಕೆಲವು ವಾರಕ್ಕೆ, ಅವಳು ಹಿತ್ತಿಲಿನಿಂದ ಹೆಸರು ಕೂಗಿದರೆ ತೊಟ್ಟಿನ ತುದಿಯಲ್ಲಿ ಹನಿ ಕಾಣಿಸುತ್ತಿತ್ತು. ಕರುವಿನ ಬಾಯಿ ಇಳಿಸುತ್ತಿದ್ದ ಹಾಲನ್ನು ಈಗ ಒಂದು ದನಿ ಇಳಿಸುತ್ತಿತ್ತು.

ಆಮೇಲೆ ಕಾಲುಬಾಯಿ ಜ್ವರದ ಲಸಿಕೆ ಬಂತು. ಲಸಿಕೆ ಹಾಕುವವರು ಮನೆಮನೆಗೆ ಬಂದಾಗ ಕೆಂದಿ ಹೊಂಗೆ ಮರದ ಕೆಳಗಿತ್ತು. ಒದೆಯದಿರಲೆಂದು ಯಾರೋ ಹಿಂಗಾಲಿಗೆ ಹಗ್ಗ ಹಾಕಿದರು. ಹಗ್ಗ, ಹಿಂದೆಯೇ ಸೂಜಿ. ಆ ಸಂಜೆ ಹಾಲು ಮತ್ತೆ ಒಂದೂವರೆ ಲೀಟರ್‌ಗೆ ಬಿತ್ತು. “ಎಲ್ಲಾ ಹೋಯಿತು” ಎಂದು ಯಜಮಾನರು ಕೈಚೆಲ್ಲಿದರು.

ಎಲ್ಲವೂ ಹೋಗಿರಲಿಲ್ಲ. ಭಯ ಕಡಿಮೆಯಾದಾಗ ಹಳೆಯ ಕಲಿಕೆ ಅಳಿಸಿಹೋಗಿದೆ ಎಂದು ನಮಗೆ ತೋರುತ್ತದೆ. ಆದರೆ ಅಳಿದದ್ದು ಸ್ವಲ್ಪ ಕಾಲದ ಮೇಲೆ ತಾನಾಗಿಯೇ ಮರಳುತ್ತದೆ ಎಂಬುದನ್ನು ಪಾವ್ಲೋವ್ ಅವರೇ ಕಂಡಿದ್ದರು. ಇಲಿಗಳ ಮೆದುಳನ್ನು ಅಭ್ಯಾಸ ಮಾಡಿದ ಜೋಸೆಫ್ ಲೆಡೂ ಮೊದಲಾದವರ ಕೆಲಸದಿಂದ ಇದರ ಜಾಗವೂ ಗೊತ್ತಾಗಿದೆ. ಶಬ್ದದಂತಹ ಸುಳಿವೂ ನೋವಿನ ಸುದ್ದಿಯೂ ಸೇರುವುದು ಅಮಿಗ್ಡಲಾ ಎಂಬ ಬಾದಾಮಿಯಾಕಾರದ ಭಾಗದಲ್ಲಿ. ಅಲ್ಲಿನ ನರಸಂಪರ್ಕ ಗಟ್ಟಿಯಾದರೆ ಸುಳಿವೊಂದೇ ಹೆದರಿಕೆಯನ್ನು ಎಬ್ಬಿಸುತ್ತದೆ. ಭಯ ನಂದುವಾಗ ಆ ಸಂಪರ್ಕ ಬಹುಪಾಲು ಹಾಗೆಯೇ ಉಳಿದಿರುತ್ತದೆ. ಅದನ್ನು ಅದುಮುವ ಹೊಸ ಕಲಿಕೆಯೊಂದು ಮೆದುಳಿನ ಮುಂಭಾಗದ ನೆರವಿನಿಂದ ಮೇಲೆ ಬೆಳೆಯುತ್ತದೆ. ಹಳೆಯ ಪೆಟ್ಟು ಒಮ್ಮೆ ಬಿದ್ದರೆ ಸಾಕು, ಕೆಳಗಿನದು ಎದ್ದು ಕೂರುತ್ತದೆ.

ಹೊಸ ಕಲಿಕೆಯೂ ಹಾಗೆಯೇ ಉಳಿದಿರುತ್ತದೆ ಎಂಬುದು ಸಮಾಧಾನದ ಮಾತು. ಅದೇ ದನಿ, ಅದೇ ಹಿಂಡಿ, ಅದೇ ಕ್ರಮದಲ್ಲಿ ಮುಂದುವರಿಯಲು ಹೇಳಿದೆ. ಮೊದಲು ವಾರಗಟ್ಟಲೆ ಹಿಡಿದದ್ದು ಈ ಬಾರಿ ಕೆಲವೇ ದಿನಗಳಲ್ಲಿ ಮರಳಿತು.

ಹಗ್ಗದ ಭಯವನ್ನು ಹಾಗೆಯೇ ಬಿಡುವುದು ಬೇಡವೆನಿಸಿ ಇನ್ನೊಂದು ಕೆಲಸ ಮಾಡಿದೆವು. 1920ರಲ್ಲಿ ವಾಟ್ಸನ್ ಮತ್ತು ರೇನರ್ ಒಂದು ಎಳೆಯ ಮಗುವಿಗೆ ಬಿಳಿ ಇಲಿಯನ್ನು ತೋರಿಸಿ, ಜೊತೆಗೇ ಕಿವಿಗಡಚಿಕ್ಕುವ ಸದ್ದು ಮಾಡಿ ಹೆದರಿಕೆ ಕಲಿಸಿದ್ದರು. ಅದನ್ನು ಬಿಡಿಸದೆಯೇ ಕೈಬಿಟ್ಟ ಆ ಪ್ರಯೋಗವನ್ನು ಇಂದು ಯಾವ ನೀತಿ ಸಮಿತಿಯೂ ಒಪ್ಪಲಾರದು. ನಾಲ್ಕು ವರ್ಷದ ನಂತರ ಮೇರಿ ಕವರ್ ಜೋನ್ಸ್ ತಿರುಗುಮುರುಗಿನ ಕೆಲಸ ಮಾಡಿದರು: ಮೊಲಕ್ಕೆ ಹೆದರುವ ಮಗು ತನಗಿಷ್ಟದ ತಿಂಡಿ ತಿನ್ನುತ್ತಿರುವಾಗ ಮೊಲವನ್ನು ದೂರದಿಂದ ತುಸುತುಸುವೇ ಹತ್ತಿರ ತಂದರು. ನಾವೂ ಹಾಗೆಯೇ ಮಾಡಿದೆವು. ಹಾಲಿನ ಹೊತ್ತಲ್ಲದಾಗ, ಕೆಂದಿ ಹಿಂಡಿ ತಿನ್ನುತ್ತಿರುವಾಗ, ಹಗ್ಗವನ್ನು ಬೇಲಿಯ ಮೇಲೆ ಹಾಕುವುದು. ತಿನ್ನುವುದು ನಿಲ್ಲಿಸದಿದ್ದರೆ ಮರುದಿನ ಒಂದು ಮಾರು ಹತ್ತಿರ. ನಿಲ್ಲಿಸಿದರೆ ಹಿಂದಕ್ಕೆ. ಈ ಕೆಲಸವನ್ನು ಮಗನೇ ವಹಿಸಿಕೊಂಡ. ಹಗ್ಗ ಮರದ ಕೊಂಬೆಯವರೆಗೆ ಬಂತು. ಕಾಲಿಗೆ ಹಾಕುವವರೆಗೆ ಬರಲಿಲ್ಲ, ಅದರ ಅಗತ್ಯವೂ ಉಳಿಯಲಿಲ್ಲ. ಹೆದರಿಕೆ ತಗ್ಗಿದ ಮೇಲೆ ಒದೆತ ತಾನೇ ನಿಂತಿತ್ತು.

ಈಗ ಮನೆಯಲ್ಲಿ ಪಾಲಿಸುತ್ತಿರುವುದು ಇಷ್ಟು. ಲಸಿಕೆ, ಕೃತಕ ಗರ್ಭಧಾರಣೆ, ರಕ್ತ ಪರೀಕ್ಷೆ, ನೋವಾಗುವ ಯಾವ ಕೆಲಸವೂ ಹೊಂಗೆ ಮರದ ಕೆಳಗೆ ನಡೆಯುವುದಿಲ್ಲ. ಹಸುವನ್ನು ಊರಿನ ಟ್ರೆವಿಸ್‌ಗೆ, ಅಂದರೆ ದನವನ್ನು ಅಲುಗದಂತೆ ನಿಲ್ಲಿಸುವ ಕಟಕಟೆಗೆ, ಹೊಡೆದುಕೊಂಡು ಹೋಗುತ್ತಾರೆ. ಆ ಹೊತ್ತಿನಲ್ಲಿ ಸೊಸೆ ಜೊತೆಗಿರುವುದಿಲ್ಲ. ಕೆಂದಿ ಮೂರನೆಯ ಸೂಲಿಗೆ ಹೆಣ್ಣುಗರು ಹಾಕಿದಾಗ ಗಿಣ್ಣು ಹಾಲನ್ನು ಕರೆದು ಪಾತ್ರೆಯಲ್ಲಿ ಕುಡಿಸಿ, ಕರುವನ್ನು ಮೊದಲ ದಿನವೇ ಬೇರೆ ಕಟ್ಟಿದರು. ಯಜಮಾನರಿಗೆ ಅದು ಕಷ್ಟವಾಯಿತು, ಆದರೂ ಬೇಡವೆನ್ನಲಿಲ್ಲ. ಆ ಕರು ಈಗ ಕಡಸಾಗಿದೆ. ಅದು ಕರು ಹಾಕುವ ಮೊದಲೇ ಕೆಚ್ಚಲಿಗೆ ಕೈ ಒಗ್ಗಲೆಂದು ಸೊಸೆ ದಿನವೂ ಹಿಂಡಿ ಇಟ್ಟು, ಹೆಸರು ಕರೆದು, ಮೈ ನೀವುತ್ತಿದ್ದಾಳೆ.